ಮುಂಗಡ ಕಣ್ಣೀರಿನ ಮಾವ

ಕನ್ನಡದ ಪ್ರತಿ ವಂಶದಲ್ಲೂ ‘ಕಸ್ತೂರಿ ನಿವಾಸ’ ನೋಡುವ ಮಾವ ಒಬ್ಬರಿರುತ್ತಾರೆ. ನಿಮ್ಮ ಕಡೆ ಅವರು ದೊಡ್ಡಪ್ಪನೋ ಭಾವನೋ ಆಗಿರಬಹುದು, ಸಿನಿಮಾ ‘ನಾಗರಹಾವು’ ಇರಬಹುದು. ಆಸಾಮಿ ಮಾತ್ರ ಅದೇ. ಭಾನುವಾರ ಮಧ್ಯಾಹ್ನ, ಟೀವಿಗೆ ಎದುರಾದ ಕುರ್ಚಿ, ಹೆಗಲ ಮೇಲೊಂದು ಟವೆಲ್ಲು, ಮುಷ್ಟಿಯಲ್ಲಿ ರಿಮೋಟು. ಆ ಹೊತ್ತಿಗೆ ನೆಂಟರು ಬಂದರೆ ಅವರಿಗೆ ಸಿಗುವ ಸ್ವಾಗತ ಒಮ್ಮೆ ತಲೆಯಾಡಿಸುವುದಷ್ಟೆ, ಅದೂ ಜಾಹೀರಾತು ಬಂದಾಗ.

ನಮ್ಮ ಮಾವ ಖಜಾನೆಯಲ್ಲಿ ಗುಮಾಸ್ತರಾಗಿ ಸೇರಿ ಅಲ್ಲೇ ನಿವೃತ್ತರಾದವರು. ಆಕ್ಷೇಪಣೆ ಹಾಕದೆ ಒಂದು ಬಿಲ್ಲನ್ನೂ ಪಾಸು ಮಾಡಿದವರಲ್ಲ ಎಂಬುದು ಅವರ ಸಹೋದ್ಯೋಗಿಗಳು ಬೀಳ್ಕೊಡುಗೆ ಸಮಾರಂಭದಲ್ಲಿ ಹೊಗಳಿಕೆಯಾಗಿಯೇ ಹೇಳಿದ ಮಾತು. ಪಕ್ಕದ ಮನೆಯವರು ಏಣಿ ಕೇಳಿದರೆ ಯಾವಾಗ ವಾಪಸು ಎಂದು ವಿಚಾರಿಸಿ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುತ್ತಾರೆ. ಹಳೆಯ ಪೇಪರನ್ನು ತೂಕಕ್ಕೆ ಹಾಕುವಾಗ ತಕ್ಕಡಿಯವನ ಹೆಬ್ಬೆರಳಿನ ಮೇಲೆ ಅವರ ಕಣ್ಣು. ಇಂಥವರು, ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮನಿಗಾಗಿ ಬಿಕ್ಕಿ ಬಿಕ್ಕಿ ಅಳುತ್ತಾರೆ. ಇದನ್ನು ಆಷಾಢಭೂತಿತನ ಅನ್ನಬೇಡಿ. ತಾವು ಕೊಡದೆ ಉಳಿಸಿಕೊಂಡದ್ದನ್ನೆಲ್ಲ ಅಣ್ಣಾವ್ರು ತಮ್ಮ ಪರವಾಗಿ ಕೊಟ್ಟುಬಿಡುತ್ತಾರೆ ಎಂಬ ಸಮಾಧಾನ ಅದು.

ಕಥೆ ಗೊತ್ತಿಲ್ಲದವರು ಇರಲಾರರು, ಆದರೂ ಹೇಳಿಬಿಡುತ್ತೇನೆ. 1971ರ ಚಿತ್ರ, ದೊರೈ-ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಬೆಂಕಿಪೆಟ್ಟಿಗೆ ಕಾರ್ಖಾನೆಯ ಒಡೆಯ ರವಿವರ್ಮನಿಗೆ ‘ಇಲ್ಲ’ ಎಂದು ಗೊತ್ತೇ ಇಲ್ಲ. ಎಲ್ಲ ಕಳೆದುಕೊಂಡು ಕೂತ ದಿನ ಜಯಂತಿ ಮನೆಗೆ ಬರುತ್ತಾರೆ. ಬಂದವರನ್ನು ಉಣ್ಣಿಸದೆ ಕಳಿಸುವ ಮನೆಯಲ್ಲ ಅದು. ಆ ಒಂದು ಊಟಕ್ಕೆ ಮನೆಯಲ್ಲಿ ಉಳಿದಿದ್ದ ಪಾರಿವಾಳವೇ ಬಲಿಯಾಗುತ್ತದೆ. ಕೈ ತೊಳೆದ ಮೇಲೆ ಆಕೆ ಬಂದ ಕಾರಣ ಹೇಳುತ್ತಾಳೆ: ಮಗುವಿಗೆ ಆ ಪಾರಿವಾಳ ಬೇಕಾಗಿತ್ತು.

ಮೊದಲ ಸಲ ನೋಡಿದವರು ಇಲ್ಲಿ ಅಳುತ್ತಾರೆ. ಅದು ಸಾಮಾನ್ಯ ಪ್ರೇಕ್ಷಕರ ಅಳು, ಅದರಲ್ಲಿ ವಿಶೇಷವೇನಿಲ್ಲ. ನಮ್ಮ ಮಾವನೂ ಊರಿನ ಟೆಂಟಿನಲ್ಲಿ ಮೊದಲು ನೋಡಿದಾಗ ಇಲ್ಲೇ ಅತ್ತರಂತೆ. ಆಮೇಲಿನ ನೋಟಗಳಲ್ಲಿ ಅಳು ಸ್ವಲ್ಪ ಹಿಂದಕ್ಕೆ ಸರಿಯಿತು: ಆಕೆ ಊಟಕ್ಕೆ ಕೂತಾಗಲೇ ಕಣ್ಣು ತುಂಬತೊಡಗಿತು. ಮುಂದೆ ಆಕೆ ಬಾಗಿಲಿಗೆ ಬಂದು ನಿಂತಾಗಲೇ. ಈಗಂತೂ ಚಿತ್ರದ ಮೊದಲ ಭಾಗದಲ್ಲಿ, ಯಾರಿಗೂ ಏನೂ ಆಗಿರದ ಹೊತ್ತಿನಲ್ಲಿ, ಪಾರಿವಾಳ ಆರೋಗ್ಯವಾಗಿ ಕಾಳು ತಿನ್ನುತ್ತಿರುವಾಗಲೇ ಟವೆಲ್ಲು ಕಣ್ಣಿಗೆ ಹೋಗುತ್ತದೆ. ಆಟ ಶುರುವಾಗುವ ಮೊದಲೇ ಸೋತ ಸುದ್ದಿ ತಿಳಿದವರ ದುಃಖ ಅದು. ಪಕ್ಕದಲ್ಲಿ ಕೂತ ಹೊಸಬರಿಗೆ ಗಾಬರಿ: “ಏನಾಯ್ತು ಸಾರ್, ಮೈಗೆ ಹುಷಾರಿಲ್ವಾ?” ಮಾವನ ಉತ್ತರ ಸಿದ್ಧವಾಗಿರುತ್ತದೆ: “ಒಗ್ಗರಣೆ ಘಾಟು.” ಅತ್ತೆ ಅಲ್ಲೇ ಕೂತು ಬಟಾಣಿ ಬಿಡಿಸುತ್ತಿರುತ್ತಾರೆ, ಅಡುಗೆಮನೆಯಲ್ಲಿ ಯಾರೂ ಇರುವುದಿಲ್ಲ. ಈ ವೇಗದಲ್ಲಿ ಹೋದರೆ ಇನ್ನು ಕೆಲವು ವರ್ಷಗಳಲ್ಲಿ ಅವರು ಸೆನ್ಸಾರ್ ಸರ್ಟಿಫಿಕೇಟಿಗೇ ಅಳತೊಡಗುತ್ತಾರೆ ಎಂದು ನನ್ನ ಅಂದಾಜು.

ವಿಚಿತ್ರವೆಂದರೆ ಅಳು ಮುಂಚೆ ಬಂದಷ್ಟೂ ಆಸೆ ಹೆಚ್ಚುತ್ತದೆ. ಜಯಂತಿ ಒಳಗೆ ಕಾಲಿಟ್ಟಾಗ ಮಾವ ಕುರ್ಚಿಯ ತುದಿಗೆ ಬರುತ್ತಾರೆ. “ಕೇಳಮ್ಮ, ಈಗಲೇ ಕೇಳಿಬಿಡಮ್ಮ” ಎಂದು ಪಿಸುಗುಡುತ್ತಾರೆ. ಐವತ್ತು ವರ್ಷ ಕೇಳದ ಆಕೆ ಈ ಭಾನುವಾರ ಕೇಳಿಬಿಟ್ಟಾಳು ಎಂಬ ನಂಬಿಕೆ. ನಗಬೇಡಿ. ಪುಣ್ಯಕೋಟಿ ಹುಲಿಯ ಬಳಿಗೆ ಹೋದರೂ ಬದುಕಿ ಬರುತ್ತಾಳೆ ಎಂದು ಚೆನ್ನಾಗಿ ಗೊತ್ತಿದ್ದೂ ಪ್ರೈಮರಿ ಶಾಲೆಯ ಬೆಂಚಿನ ಮೇಲೆ ಸಾಲಾಗಿ ಅತ್ತ ಕುಲ ನಮ್ಮದು. ಕೊನೆ ಗೊತ್ತಿರುವುದಕ್ಕೂ ಅಳುವುದಕ್ಕೂ ನಮ್ಮಲ್ಲಿ ಸಂಬಂಧ ಕಲ್ಪಿಸುವ ವಾಡಿಕೆ ಇಲ್ಲ.

ಅತ್ತೆಗೆ ಇಡೀ ದುರಂತ ಒಂದು ಅಡುಗೆಮನೆ ವ್ಯವಹಾರದ ಅಚಾತುರ್ಯ. “ಬಂದೋಳನ್ನ ಬಾಗಿಲಲ್ಲೇ ‘ಏನಮ್ಮಾ ಬಂದೆ’ ಅಂತ ಕೇಳಿದ್ರೆ ಮುಗೀತಿತ್ತು.”

“ಉಣ್ಣೋಕ್ ಮುಂಚೆ ಯಾಕ್ ಬಂದೆ ಅಂತ ಕೇಳೋದು ಮರ್ಯಾದೇನೇ?”

“ಪಾರಿವಾಳದ ಜೀವಕ್ಕಿಂತ ಮರ್ಯಾದೆ ದೊಡ್ಡದಾ?”

ಈ ವಾದದಲ್ಲಿ ಮಾವ ಬಾಯಲ್ಲಿ ಸೋಲೊಪ್ಪಲಿಲ್ಲ, ಆದರೆ ನಡತೆಯಲ್ಲಿ ಒಪ್ಪಿದರು. ಈಗ ಅವರ ಮನೆಗೆ ಯಾರೇ ಹೋದರೂ ಚಪ್ಪಲಿ ಬಿಡುವ ಮೊದಲೇ “ಮೊದಲು ಬಂದ ಕೆಲಸ ಹೇಳಿಬಿಡಿ, ಕಾಫಿ ಆಮೇಲೆ” ಅನ್ನುತ್ತಾರೆ. ಬೀಗರು ಇದನ್ನು ದುರಹಂಕಾರ ಎಂದು ತಿಳಿದು ಆರು ತಿಂಗಳು ಮನೆಗೆ ಕಾಲಿಡಲಿಲ್ಲ. ಮಗಳು ಅತ್ತೆಮನೆಯಲ್ಲಿ ಪಾರಿವಾಳದ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಕೇಳಿ ಬೀಗರೂ ಅತ್ತರು. ಸಂಬಂಧ ಉಳಿಯಿತು.

ಅತ್ತೆಯ ಇನ್ನೊಂದು ಸಂಶೋಧನೆಯನ್ನೂ ಹೇಳಬೇಕು. ಅಣ್ಣಾವ್ರ ಸಿನಿಮಾಗಳಲ್ಲಿ ಅನಾಹುತವೆಲ್ಲ ಊಟದ ಹೊತ್ತಿಗೇ ಆಗುತ್ತದೆ. ಇಲ್ಲಿ ಪಾರಿವಾಳ. 1972ರ ‘ಬಂಗಾರದ ಮನುಷ್ಯ’ದಲ್ಲಿ ಯಾರಿಗಾಗಿ ದುಡಿದನೋ ಅದೇ ಅಕ್ಕನ ಮಗನ ಮಾತಿಗೆ ರಾಜೀವ ತಟ್ಟೆಯ ಮುಂದಿನಿಂದಲೇ ಎದ್ದು ಹೋಗುತ್ತಾನೆ. ಆದ್ದರಿಂದ ಈ ಎರಡು ಚಿತ್ರ ಬರುವ ದಿನ ಅವರು ಮಾವನಿಗೆ ಹನ್ನೊಂದಕ್ಕೇ ಊಟ ಬಡಿಸಿ ಪಾತ್ರೆ ಬೋರಲು ಹಾಕುತ್ತಾರೆ. ಆ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಬೇಸಾಯಕ್ಕೆ ಹೋದರೆಂದು ಇಂದಿಗೂ ಹೇಳುತ್ತಾರೆ. ಮಾವನೂ ಹಿಂದೆ ಬೀಳಲಿಲ್ಲ, ಎಣ್ಣೆ ಡಬ್ಬದಲ್ಲಿ ಒಂದು ಕರಿಬೇವು ನೆಟ್ಟರು.

‘ಕಸ್ತೂರಿ ನಿವಾಸ’ ಪೆನ್‌ಡ್ರೈವಿನಲ್ಲೂ ಇದೆ, ಮೊಬೈಲಿನಲ್ಲೂ ಸಿಗುತ್ತದೆ. ಮಗ ಹಾಕಿಕೊಡುತ್ತೇನೆಂದರೆ ಮಾವ ಬೇಡವೆನ್ನುತ್ತಾರೆ. ಟೀವಿಯವರು ಹಾಕಬೇಕು, ಇವರು ಆಕಸ್ಮಿಕವಾಗಿ ಸಿಕ್ಕಿಬೀಳಬೇಕು. ತಾನೇ ಹಾಕಿಕೊಂಡು ಅತ್ತರೆ ಆ ಅಳುವಿಗೆ ತಾನೇ ಹೊಣೆ. ಟೀವಿಯಲ್ಲಿ ಬಂದರೆ ಅದು ದೈವೇಚ್ಛೆ. ನನಗೂ ಇದು ಸರಿಯೆನಿಸುತ್ತದೆ. ತಮ್ಮ ತಾಯಿ ತೀರಿಕೊಂಡ ದಿನ ಮಾವ ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾವು ಯಾರೂ ಕಾಣಲಿಲ್ಲ. ಹಿರಿಮಗ, ಪುರೋಹಿತರಿಗೆ ಹೇಳಿಕಳಿಸಬೇಕು, ಶಾಮಿಯಾನ ಹಾಕಿಸಬೇಕು, ಊರಿಂದ ಬಂದವರಿಗೆ ಕಾಫಿ ಆಯಿತೇ ನೋಡಬೇಕು. ಹದಿಮೂರು ದಿನವೂ ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇತ್ತು. ಆ ಬಾಕಿಯನ್ನು ಅವರು ಪಾರಿವಾಳದ ಖಾತೆಗೆ ಬರೆದು ಕಂತಿನಲ್ಲಿ ತೀರಿಸುತ್ತಿದ್ದಾರೆಂದು ನನ್ನ ಗುಮಾನಿ. ಇದನ್ನು ಅವರ ಮುಂದೆ ಹೇಳಿದರೆ ಆಕ್ಷೇಪಣೆ ಹಾಕಿ ವಾಪಸು ಕಳಿಸುತ್ತಾರೆ.

2014ರಲ್ಲಿ ಚಿತ್ರಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದಾಗ ಮಾವ ಇಡೀ ಸಂಸಾರವನ್ನು ಸ್ವಂತ ಖರ್ಚಿನಲ್ಲಿ ಕರೆದುಕೊಂಡು ಹೋದರು. ಸ್ವಂತ ಖರ್ಚು ಎಂಬುದನ್ನು ದಯವಿಟ್ಟು ಗಮನಿಸಿ. ಕೋಟು, ಸೀರೆ, ಗೋಡೆ ಎಲ್ಲಕ್ಕೂ ಬಣ್ಣ ಬಂದಿತ್ತು. “ಪಾರಿವಾಳ ಮಾತ್ರ ಆಗ್ಲೂ ಬಿಳಿ, ಈಗ್ಲೂ ಬಿಳಿ” ಎಂದು ಹೊರಗೆ ಬಂದವರೇ ತೀರ್ಪು ಕೊಟ್ಟರು. ಇದೇ ಕಥೆಯನ್ನು ಹಿಂದಿಯಲ್ಲಿ ಸಂಜೀವ್ ಕುಮಾರ್, ತಮಿಳಿನಲ್ಲಿ ಶಿವಾಜಿ ಗಣೇಶನ್ ಮಾಡಿದ್ದಾರೆ. ಎರಡನ್ನೂ ಮಾವ ನೋಡಿಲ್ಲ, ಎರಡೂ ಸಾಲದು ಎಂದು ಅವರಿಗೆ ಗೊತ್ತು.

ಮಗನ ತಲೆಮಾರು ಇದನ್ನೆಲ್ಲ ನೋಡಿ ನಗುತ್ತದೆ. ಅವನ ಆರಾಧ್ಯ ಚಿತ್ರ 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’. ಅದರಲ್ಲಿ ದೇವದಾಸ ಎಂಬ ಮೊಲ ಸಾಯುತ್ತದೆ. ಆಗ ಅವನ ಕಣ್ಣಿಗೂ ಏನೋ ಬೀಳುತ್ತದೆ, ಅವನಿಗೂ ಒಗ್ಗರಣೆಯೇ ಆಸರೆ. ಅಪ್ಪ-ಮಗ ಪರಸ್ಪರರ ಪ್ರಾಣಿಯನ್ನು ಲೇವಡಿ ಮಾಡುತ್ತಾ ತಮ್ಮ ತಮ್ಮ ಪ್ರಾಣಿಗೆ ಅಳುವುದನ್ನು ಮೊಮ್ಮಗಳು ಕುತೂಹಲದಿಂದ ನೋಡುತ್ತಾಳೆ. “ತಾತಾ, ಆ ಅಂಕಲ್ ಸ್ವಿಗ್ಗಿಯಲ್ಲಿ ಊಟ ತರಿಸಬಹುದಿತ್ತಲ್ವಾ?” ಎಂದು ಅವಳು ಕೇಳಿದ ದಿನ ಮಾವನಿಗೆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಪಾರಿವಾಳವೂ ಮರ್ಯಾದೆಯೂ ಉಳಿಯುವ ದಾರಿ ತೋರಿಸಿದವಳು ಅವಳೊಬ್ಬಳೇ.

ಮನೆಯವರು ಈ ವ್ಯಾಧಿಯಲ್ಲೂ ಲಾಭ ಕಂಡುಕೊಂಡಿದ್ದಾರೆ. ಸಿನಿಮಾ ಮುಗಿದ ಅರ್ಧ ಗಂಟೆ ಮಾವ ರವಿವರ್ಮನಾಗಿರುತ್ತಾರೆ. ಕೆಲಸದವಳಿಗೆ ಮುಂಗಡ ಸಂಬಳ, ಪಕ್ಕದ ಮನೆಗೆ ಏಣಿ, ಎಲ್ಲ ಆ ಅವಧಿಯಲ್ಲೇ ಮಂಜೂರು. ಸಂಜೆ ಕಾಫಿ ಹೊತ್ತಿಗೆ ಖಜಾನೆ ಮತ್ತೆ ತೆರೆಯುತ್ತದೆ, ಅಂದರೆ ಮುಚ್ಚುತ್ತದೆ. ಕಳೆದ ಭಾನುವಾರ ಮಗನಿಗೆ ಹೊಸ ಬೈಕಿಗೆ ಹಣ ಬೇಕಿತ್ತು. ಆತುರದವನು. ಮುಗಿಯುವವರೆಗೂ ಕಾಯದೆ, ಜಯಂತಿ ಊಟಕ್ಕೆ ಕೂತ ಹೊತ್ತಿಗೆ ಬಂದ ಜಾಹೀರಾತಿನಲ್ಲೇ ಕೇಳಿಬಿಟ್ಟ.

ಮಾವ ಅವನತ್ತ ತಿರುಗಿದರು. ತುಟಿ ನಡುಗುತ್ತಿತ್ತು. “ಮೊನ್ನೆ ಕೇಳಬಾರದಿತ್ತೇನೋ ಮಗನೇ… ನಿನ್ನೆ ತಾನೇ ಎಲ್ಲಾನೂ ಎಫ್‌.ಡಿ. ಮಾಡಿಬಿಟ್ಟೆನಲ್ಲೋ!” ಎಂದು ಎರಡೂ ಕೈ ಚಾಚಿ, ನಿಜವಾಗಿಯೂ ಅತ್ತರು. ಅಷ್ಟು ವರ್ಷ ಕಾದ ಪಾತ್ರ ಅವರಿಗೆ ಆ ದಿನ ಸಿಕ್ಕಿತ್ತು.

“ಪಾರಿವಾಳ ಆದ್ರೆ ಹೋದದ್ದು ಹೋಯ್ತು” ಅಂದರು ಅತ್ತೆ, ಬಟಾಣಿಯಿಂದ ಕಣ್ಣೆತ್ತದೆ. “ಎಫ್‌.ಡಿ. ಮುರಿಸಬಹುದು ಕಣ್ರೀ.”

“ಶ್! ಸುಮ್ನಿರೇ, ಸೀನು ಬಂತು” ಎಂದು ಮಾವ ಟೀವಿಯ ಧ್ವನಿ ಹೆಚ್ಚಿಸಿದರು.