ಗುಂಡಿ ಯಾಕೆ ನೊರೆ ಉಕ್ಕಿಸುತ್ತೆ?

ಏನಕ್ಕ, ಒಲೆ ಸರಿಯಾಗಿ ಉರೀತಿಲ್ಲ ಅಂತಿದ್ರಲ್ಲ, ನಿಮ್ಮ ಗೋಬರ್ ಗ್ಯಾಸ್ ಗುಂಡಿಯ ಹೊರಬಾಯಲ್ಲಿ ನೊರೆ ಉಕ್ತಾ ಇದೆ ನೋಡಿ. ಪೈಪಿಗೂ ನುಗ್ಗಿರಬೇಕು. ಕಟ್ಟಿದ ಮೇಸ್ತ್ರಿನ ಬೈಬೇಡಿ. ಹೋದ ವಾರ ಗುಂಡಿಗೆ ಏನೇನು ಹಾಕಿದ್ರಿ, ಅದನ್ನ ಹೇಳಿ ಮೊದ್ಲು.

ಗೃಹಪ್ರವೇಶದಲ್ಲಿ ಉಳಿದ ಅನ್ನ, ಪಾಯಸ, ಹೂರಣ, ಮೇಲೆ ಕೊಳೆತ ಹಲಸಿನಹಣ್ಣು, ಎಲ್ಲ ಒಂದೇ ಸಲ ಸುರಿದ್ರಾ? ಹಾಗಾದ್ರೆ ಅಲ್ಲೇ ಇದೆ ಕಾರಣ. ಸಗಣಿ ಅಂದ್ರೆ ಹಸು ಜೀರ್ಣ ಮಾಡಿ ಬಿಟ್ಟ ಉಳಿಕೆ, ನಿಧಾನಕ್ಕೆ ಕರಗುತ್ತೆ. ಪಾಯಸ ಹಾಗಲ್ಲ. ಗುಂಡಿಯಲ್ಲಿ ಒಂದು ಗುಂಪಿನ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟ, ಕೊಬ್ಬನ್ನ ಹುಳಿ ಮಾಡ್ತವೆ, ಇನ್ನೊಂದು ಗುಂಪು ಆ ಹುಳಿಯಿಂದ ಮೀಥೇನ್ ಮಾಡುತ್ತೆ. ಮೊದಲಿನವು ಬೇಗ ಬೆಳೀತವೆ, ಎರಡನೆಯವು ತಡವಾಗಿ. ಸಿಹಿ ಒಮ್ಮೆಲೇ ಬಿದ್ರೆ ಹುಳಿ ಹಾಗೇ ಉಳಿಯುತ್ತೆ. ಮಳೆಗಾಲದ ಥಂಡಿಯಲ್ಲಿ ಮೀಥೇನಿನವು ಇನ್ನೂ ಸೋಲ್ತವೆ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಸಗಣಿಯೂ ಅವಕ್ಕೆ ಆಗಲ್ಲ.

ಗ್ಯಾಸಿನ ಗುಳ್ಳೆ ಏಳೋದು, ಒಡೆಯೋದು ದಿನಾ ಇರೋದೇ. ಆದ್ರೆ ಪ್ರೋಟೀನು, ಅರ್ಧ ಕರಗಿದ ಕೊಬ್ಬು, ಈ ಹುಳಿ ಗುಳ್ಳೆಯ ಮೈಗೆ ಹತ್ತಿಕೊಂಡ್ರೆ ಒಡೆಯಲ್ಲ, ನೊರೆಯಾಗಿ ನಿಲ್ಲುತ್ತೆ. ಕೊಟ್ಟಿಗೆ ತೊಳೆದ ಸೋಪಿನ ನೀರೂ ಅದನ್ನೇ ಮಾಡುತ್ತೆ. ಹುಲ್ಲಿನ ಪುಡಿ ಸೇರಿದ್ರೆ ಇನ್ನೂ ಗಟ್ಟಿ.

ಹಸಿ ಅಲಸಂದೆ ಸೊಪ್ಪು ಮಿತಿಮೀರಿ ಮೇಯ್ದ ಹಸುವಿಗೆ ಹೊಟ್ಟೆ ಉಬ್ಬರಿಸೋದೂ ಇಂಥ ನೊರೆಯಿಂದಲೇ. ಎಣ್ಣೆ ಕುಡಿಸಿದ್ರೆ ಇಳಿಯುತ್ತೆ. ಡೆನ್ಮಾರ್ಕಿನ ಸಂಶೋಧಕರು ಸಗಣಿ ಗ್ಯಾಸಿನ ನೊರೆಯನ್ನೂ ಸಾಸಿವೆ ಜಾತಿಯ ಎಣ್ಣೆಯಿಂದ ಇಳಿಸಿ ತೋರಿಸಿದ್ದಾರೆ. ಹಾಗಂತ ಡಬ್ಬ ಬಗ್ಗಿಸಬೇಡಿ ಅಕ್ಕ, ಹೆಚ್ಚಾದ ಎಣ್ಣೆಯೇ ಮತ್ತೆ ನೊರೆ ಎಬ್ಬಿಸುತ್ತೆ.

ನನಗೆ ಭಯ ಇರೋದು ಬೇರೆ. ಅಮೆರಿಕದ ಅಯೋವಾ, ಮಿನ್ನೆಸೋಟ ಕಡೆ 2009ರ ಹೊತ್ತಿಗೆ ಹಂದಿ ಕೊಟ್ಟಿಗೆಗಳ ನೆಲದಡಿಯ ಗೊಬ್ಬರದ ಗುಂಡಿಗಳಲ್ಲಿ ನೊರೆ ಅಡಿಗಟ್ಟಲೆ ಬೆಳೀತು. ಒಳಗೆ ಸೆರೆಯಾಗಿದ್ದ ಮೀಥೇನ್, ನೊರೆ ಒಡೆದಾಗ ಒಮ್ಮೆಲೇ ಹೊರಬಿದ್ದು ಕಿಡಿ ತಾಗಿ ಸಿಡೀತು. 2011ರ ಸೆಪ್ಟೆಂಬರಿನಲ್ಲಿ ಅಯೋವಾದ ಒಂದೇ ಕೊಟ್ಟಿಗೆಯಲ್ಲಿ ಸುಮಾರು 1,500 ಹಂದಿ ಸತ್ತವು. ಅದಕ್ಕೇ ಹೇಳ್ತಿರೋದು, ಭಾವ ಕೋಲು ಹಿಡಿದು ನೊರೆ ಕಲಕೋಕೆ ಹೋದ್ರೆ ಬೀಡಿ, ದೀಪ ಹತ್ತಿರ ಬರಲೇಬಾರದು.

ಒಂದಷ್ಟು ದಿನ ಗುಂಡಿಗೆ ಏನೂ ಹಾಕಬೇಡಿ. ಪೈಪಿನಲ್ಲಿ ನಿಂತ ನೀರು ಬಸೀರಿ. ನೊರೆ ಇಳಿದು ಹುಳಿ ವಾಸನೆ ಹೋದ ಮೇಲೆ ಬರೀ ಸಗಣಿ, ಸಮ ನೀರು ಸೇರಿಸಿ. ನಿಮ್ಮ 2 ಘನ ಮೀಟರ್ ಗುಂಡಿಗೆ ದಿನಕ್ಕೆ 50 ಕೆಜಿ ಸಗಣಿ ಲೆಕ್ಕ, ಶುರುವಿಗೆ ಅರ್ಧ ಸಾಕು. ನಮ್ಮ ಗುಂಡಿ ಚೆನ್ನಾಗಿ ನಡೀತಿದೆ. ಅದರ ರಾಡಿ ಎರಡು ಬಕೆಟ್ ತಗೊಂಡು ಹಾಕಿ, ಮೀಥೇನಿನ ಜೀವಿಗಳು ಅದರಲ್ಲಿ ತುಂಬ ಇರ್ತವೆ. ಸಂಜೆ ಹುಡುಗನ್ನ ಕಳಿಸಿ.