ಮೊಬೈಲಿನ ಆನ್ ರೋಡ್ ದರ

ಹೊಸ ಕಾರು ಕೊಂಡವರ ಮುಖ ನೋಡಬೇಕಿದ್ದರೆ ನಮ್ಮ ಕುಂಭಾಶಿಗೆ ಬರಬೇಕು. ರಾಷ್ಟ್ರೀಯ ಹೆದ್ದಾರಿ 66ರಿಂದ ಒಳಗೆ ತಿರುಗಿ ಆನೆಗುಡ್ಡೆ ವಿನಾಯಕನ ಸನ್ನಿಧಿಗೆ ಬಂದು ನಿಂತ ಕಾರಿಗೆ ಹೂಮಾಲೆ, ಚಕ್ರದಡಿಗೆ ಲಿಂಬೆಹಣ್ಣು, ಸೀಟಿಗೆ ಇನ್ನೂ ಬಿಚ್ಚದ ಪ್ಲಾಸ್ಟಿಕ್ಕು. ಪಕ್ಕದಲ್ಲಿ ಕೈಮುಗಿದು ನಿಂತ ಯಜಮಾನರ ಮುಖದಲ್ಲಿ ಅರ್ಧ ಭಕ್ತಿ, ಇನ್ನರ್ಧ ಬ್ಯಾಂಕಿನ ಕಂತು. ಆದರೂ ಅವರನ್ನು ಕಂಡರೆ ನನಗೆ ಕನಿಕರ ಹುಟ್ಟುವುದಿಲ್ಲ. ಕಾರು ಮಾರಿದವರು ಅವರಿಗೆ ಮೊದಲೇ ಎರಡು ದರ ಹೇಳಿರುತ್ತಾರೆ. ಎಕ್ಸ್ ಶೋರೂಮ್ ಇಷ್ಟು, ಆನ್ ರೋಡ್ ಇಷ್ಟು. ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿದಾಗ ಎದೆ ಎಷ್ಟು ಡವಗುಟ್ಟಬೇಕು ಎಂಬುದು ಅಂಗಡಿಯಲ್ಲೇ ಇತ್ಯರ್ಥವಾಗಿ ಹೋಗಿರುತ್ತದೆ. ಮೊಬೈಲಿಗೆ ಈ ಏರ್ಪಾಡಿಲ್ಲ. ಅಲ್ಲಿ ಎದೆ ಡವಗುಟ್ಟುವುದೂ ಕಂತಿನಲ್ಲೇ.

ಮಗನಿಗೆ ಮೊಬೈಲು ಕೊಡಿಸಲು ಕುಂದಾಪುರಕ್ಕೆ ಹೋದದ್ದು ನಾನು, ಅವನು, ಬಣ್ಣ ಆರಿಸುವುದಕ್ಕೆಂದು ಅವನ ಅಕ್ಕ. ಬಣ್ಣದ ಚರ್ಚೆ ಮದುವೆ ಸೀರೆಯ ಅಂಗಡಿಯಲ್ಲಿ ನಡೆಯುವಂತೆಯೇ ನಡೆಯಿತು. ಹಸಿರು ಬೇಡ, ಬೆಳ್ಳಿ ಬೇಗ ಕೊಳೆಯಾಗುತ್ತದೆ, ಕೊನೆಗೆ ಒಂದು ಅಪರೂಪದ ನೀಲಿ. ಅದು ಬೇರೆ ಬಣ್ಣಗಳಿಗಿಂತ ಒಂದಷ್ಟು ತುಟ್ಟಿ. ಬಿಲ್ಲು ಆದಮೇಲೆ ಕೌಂಟರಿನ ಹುಡುಗ ಮೆಲ್ಲಗೆ ಕೇಳಿದ: “ಕವರ್ ಬ್ಯಾಡ್ದಾ?” ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ. “ನಿನ್ನೆ ಒಬ್ರು ಕವರ್ ಬ್ಯಾಡ ಅಂದ್ ಹೋದ್ರ್. ಬಸ್ ಇಳಿವತ್ತಿಗೆ ಕೈಜಾರಿ ಬಿತ್ತಂಬ್ರು.” ಕವರು ಬಂತು. ಕಡುಗಪ್ಪು. ಆ ಅಪರೂಪದ ನೀಲಿ ಅದರೊಳಗೆ ಹೊಕ್ಕದ್ದು, ಈವರೆಗೆ ಹೊರಗೆ ಬಂದಿಲ್ಲ.

ಈ ‘ನಿನ್ನೆ ಒಬ್ರು’ ಯಾರು ಎಂಬುದು ನನ್ನ ಬಹುದಿನದ ಕುತೂಹಲ. ಉಡುಪಿಯ ಅಂಗಡಿಯಲ್ಲೂ ಇದ್ದಾರೆ, ಬೈಂದೂರಿನ ಅಂಗಡಿಯಲ್ಲೂ ಇದ್ದಾರೆ. ಯಾವಾಗಲೂ ನಿನ್ನೆಯೇ ಬಂದಿರುತ್ತಾರೆ. ಗ್ಲಾಸು ಹಾಕಿಸದೆ ಹೋಗಿ ಡಿಸ್‌ಪ್ಲೇ ಒಡೆದುಕೊಂಡವರು ಅವರೇ, ಕ್ಯಾಮೆರಾಕ್ಕೆ ಗಾರ್ಡು ಹಾಕಿಸದೆ ಲೆನ್ಸು ಗೀರಿಸಿಕೊಂಡವರೂ ಅವರೇ, ಅಗ್ಗದ ಚಾರ್ಜರು ಹಾಕಿ ಬ್ಯಾಟರಿ ಉಬ್ಬಿಸಿಕೊಂಡವರೂ ಅವರೇ. ಇಷ್ಟು ನಷ್ಟ ತಿಂದೂ ಮತ್ತೆ ಮತ್ತೆ ಮೊಬೈಲು ಕೊಳ್ಳುವ ಶಕ್ತಿ ಅವರಿಗೆ ಎಲ್ಲಿಂದ ಬರುತ್ತದೋ. ಅವರ ಪುಣ್ಯದಿಂದ ನಾವು ಆವತ್ತು ಗ್ಲಾಸನ್ನೂ ಲೆನ್ಸಿನ ಗಾರ್ಡನ್ನೂ ಹಾಕಿಸಿಕೊಂಡೆವು.

ಗ್ಲಾಸಿನ ಪೊಟ್ಟಣದ ಮೇಲೆ ‘9ಎಚ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ವಜ್ರದ ಗಡಸುತನ ಹತ್ತು, ಇದರದು ಒಂಬತ್ತು ಎಂದು ಹುಡುಗ ವಿವರಿಸಿದ. ಆ ಒಂಬತ್ತು ವಜ್ರದ ಅಳತೆಯದಲ್ಲ, ಪೆನ್ಸಿಲಿನ ಅಳತೆಯದು. ಶಾಲೆಯಲ್ಲಿ ನಾವು ಬರೆಯುತ್ತಿದ್ದ ಎಚ್‌ಬಿ ಪೆನ್ಸಿಲಿನ ಕುಲದಲ್ಲೇ ಅತ್ಯಂತ ಗಟ್ಟಿಯಾದ 9ಎಚ್ ಪೆನ್ಸಿಲಿನಿಂದ ಗೀಚಿದರೂ ಗೆರೆ ಬೀಳುವುದಿಲ್ಲ ಎಂದಷ್ಟೇ ಅದರ ತಾತ್ಪರ್ಯ. ಮೊಬೈಲಿನ ಮೇಲೆ ಪೆನ್ಸಿಲಿನಲ್ಲಿ ಗೀಚುವವರನ್ನು ನಾನಂತೂ ಕಂಡಿಲ್ಲ. ನಮ್ಮ ಊರಿನಲ್ಲಿ ಮೊಬೈಲಿನ ನಿಜವಾದ ವೈರಿ ಬೀಜಾಡಿಯ ಕಡಲ ಮರಳು. ಮರಳಿನಲ್ಲಿರುವ ಬೆಣಚು ಮೋಸ್ ಮಾಪಕದಲ್ಲಿ 7, ಗಾಜಿನದು ಅದಕ್ಕಿಂತ ಕಡಿಮೆ. ಸಂಜೆ ಗಾಳಿ ತಿನ್ನಲು ಹೋಗಿ ಮರಳಿನ ಕೈಯನ್ನು ಕಿಸೆಗೆ ಹಾಕಿದರೆ ಸಾಕು.

ಮನೆಗೆ ಬಂದು ಪೆಟ್ಟಿಗೆ ತೆರೆದದ್ದು ಅಮ್ಮನ ಎದುರು. ಅವರು ಪೆಟ್ಟಿಗೆಯನ್ನು ಬೋರಲು ಹಾಕಿ ಕುಟ್ಟಿ ನೋಡಿದರು. ಒಂದು ಕೇಬಲ್ಲು, ಸಿಮ್ ತೆಗೆಯುವ ಸೂಜಿ, ಯಾರೂ ಓದದ ಸಣ್ಣ ಪುಸ್ತಕ. “ಅಷ್ಟೆಲ್ಲ ದುಡ್ಡ್ ಕೊಟ್ಟ್ರೂ ಚಾರ್ಜರ್ ಇಲ್ಯಾ ಮಾರಾಯಾ?”

ಇಲ್ಲ. ಇದಕ್ಕೊಂದು ಪುರಾಣವಿದೆ. 2020ರ ಅಕ್ಟೋಬರಿನಲ್ಲಿ ಐಫೋನ್ 12 ಬಿಡುಗಡೆ ಮಾಡುವಾಗ ಆಪಲ್ ಕಂಪನಿ ಪೆಟ್ಟಿಗೆಯಿಂದ ಚಾರ್ಜರನ್ನೂ ಇಯರ್‌ಫೋನನ್ನೂ ತೆಗೆದುಹಾಕಿತು. ಜನರ ಮನೆಯಲ್ಲಿ ಹಳೆಯವು ಬೇಕಾದಷ್ಟು ಬಿದ್ದಿವೆ, ಪೆಟ್ಟಿಗೆ ಸಣ್ಣದಾದರೆ ಅದೇ ಜಾಗದಲ್ಲಿ ಶೇಕಡಾ 70ರವರೆಗೆ ಹೆಚ್ಚು ಪೆಟ್ಟಿಗೆ ಹಿಡಿಸುತ್ತವೆ, ಭೂಮಿತಾಯಿಗೆ ಒಳ್ಳೆಯದು ಎಂಬುದು ಸಮಜಾಯಿಷಿ. ಪೆಟ್ಟಿಗೆಯಲ್ಲಿ ಉಳಿಸಿದ ಕೇಬಲ್ಲಿನ ಒಂದು ತುದಿ ಮಾತ್ರ ಯುಎಸ್‌ಬಿ-ಸಿ. ಎಷ್ಟೋ ಮನೆಗಳಲ್ಲಿ ‘ಬೇಕಾದಷ್ಟು ಬಿದ್ದಿದ್ದ’ ಹಳೆಯ ಚಾರ್ಜರಿಗೆ ಅದು ತೂರುತ್ತಿರಲಿಲ್ಲ. ಸ್ಯಾಮ್‌ಸಂಗ್ ಇದನ್ನು ಕಂಡು ಗೇಲಿ ಮಾಡಿತು. 2021ರ ಜನವರಿಯಲ್ಲಿ ತನ್ನ ಎಸ್21ರ ಪೆಟ್ಟಿಗೆಯಿಂದ ತಾನೂ ಚಾರ್ಜರ್ ತೆಗೆಯಿತು. ಬ್ರೆಜಿಲ್ ಸರ್ಕಾರಕ್ಕೆ ಮಾತ್ರ ನಮ್ಮ ಅಮ್ಮನಷ್ಟೇ ಸಿಟ್ಟು ಬಂದು, 2022ರಲ್ಲಿ ಚಾರ್ಜರಿಲ್ಲದ ಐಫೋನು ಮಾರಕೂಡದೆಂದು ಆದೇಶ ಹೊರಡಿಸಿತು. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಎಲ್ಲ ಹೊಸ ಮೊಬೈಲುಗಳಿಗೂ ಒಂದೇ ಬಗೆಯ ತೂತು ಇರಬೇಕೆಂದು ಕಾನೂನು ಜಾರಿಗೆ ತಂದಿತು. ಒಳ್ಳೆಯದೇ ಆಯಿತು. ಆದರೆ ತೂತು ಒಂದೇ ಆದರೂ ಒಳಗೆ ಹರಿಯುವ ವಾಟ್ಸು ಬೇರೆ ಬೇರೆ. ನಮ್ಮ ಹಳೆಯ ಚಾರ್ಜರು ಹಾಕಿದರೆ ಹೊಸ ಮೊಬೈಲು ತುಂಬುತ್ತದೆ, ಆಟಿ ತಿಂಗಳಲ್ಲಿ ಹಾಸಿದ ಬಟ್ಟೆ ಒಣಗುವ ವೇಗದಲ್ಲಿ. ವೇಗದ ಚಾರ್ಜರು ಬೇರೆ ಬಂತು. ಅದಕ್ಕೆ ಒಪ್ಪುವ ಕೇಬಲ್ಲೂ ಬೇರೆ ಬಂತು, ಪೆಟ್ಟಿಗೆಯಲ್ಲಿದ್ದದ್ದು ತೀರಾ ಗಿಡ್ಡ, ಮಂಚದವರೆಗೆ ಎಟಕುವುದಿಲ್ಲ ಎಂಬ ಕಾರಣಕ್ಕೆ.

ಘಟ್ಟದ ಮೇಲಿನವರಿಗೆ ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಕರಾವಳಿಯಲ್ಲಿ ಮುಂಗಾರು ಮೊದಲಾಗುವ ಮುಂಚೆ ಮತ್ತು ಮುಗಿಯುವ ಹೊತ್ತಿಗೆ ಗುಡುಗು-ಸಿಡಿಲಿನ ಆರ್ಭಟವೊಂದಿದೆ. ಮೋಡ ಕಪ್ಪಾದರೆ ಮನೆಮನೆಯಲ್ಲೂ ಪ್ಲಗ್ಗು ಕೀಳುವ ಸಂಭ್ರಮ. ಅಷ್ಟು ತುಟ್ಟಿಯ ಚಾರ್ಜರು ಸುಟ್ಟುಹೋದರೆ ಎಂದು ಸ್ಪೈಕ್ ಗಾರ್ಡು ಬಂತು. ಕರೆಂಟು ಹೋದರೆ ಎಂದು ಪವರ್ ಬ್ಯಾಂಕು ಬಂತು. ಪವರ್ ಬ್ಯಾಂಕಿನ ಪೆಟ್ಟಿಗೆ ತೆರೆದರೆ ಅದರಲ್ಲೂ ಚಾರ್ಜರಿಲ್ಲ.

ನಮ್ಮ ಕಡೆಯವರಿಗೆ ಇದು ಹೊಸತೇನೂ ಅಲ್ಲ. ಮಂದಾರ್ತಿ ದೇವಿಗೆ ಹರಕೆಯ ಯಕ್ಷಗಾನ ಆಟ ಆಡಿಸಿದ ಮನೆಯವರನ್ನು ಕೇಳಿ ನೋಡಿ. ಮೇಳಕ್ಕೆ ಕೊಡುವ ವೀಳ್ಯ ಒಂದು ಲೆಕ್ಕ. ಚಪ್ಪರ, ಲೈಟು, ಊರಿಗೆಲ್ಲ ಊಟ, ಮುಂಬೈ-ಬೆಂಗಳೂರಿನಿಂದ ಬಂದಿಳಿಯುವ ನೆಂಟರು, ಅವರ ಮಕ್ಕಳು, ಅವರಿಗೆ ಮಲಗಲು ಜಾಗ, ಇದು ಇನ್ನೊಂದು ಲೆಕ್ಕ. ಎರಡನೆಯದು ಮೊದಲನೆಯದನ್ನು ನುಂಗಿ ನೀರು ಕುಡಿಯುತ್ತದೆ. ಆದರೆ ಅದು ಸೇವೆ ಹೊತ್ತವರಿಗೆ ಮೊದಲೇ ಗೊತ್ತು. ಅಲ್ಲಿ ಐದು ಮೇಳಗಳಿದ್ದರೂ ಆಟಕ್ಕಾಗಿ ವರ್ಷಗಟ್ಟಲೆ ಕಾಯಬೇಕು, ಹಾಗಾಗಿ ದುಡ್ಡು ಕೂಡಿಡಲಿಕ್ಕೂ ಪುರುಸೊತ್ತು ಸಿಗುತ್ತದೆ. ಮುಖ್ಯವಾಗಿ, ಮೇಳದವರು ಚೆಂಡೆ ಬಿಟ್ಟು ಬಂದು, “ನಿಮ್ಮ ಮನೆಯಲ್ಲಿ ಹೇಗೂ ಹಳೆಯದೊಂದು ಇದ್ದೀತು ಅಂತ ತರಲಿಲ್ಲ, ಪರಿಸರಕ್ಕೆ ಒಳ್ಳೆಯದು” ಎಂದು ಹೇಳುವುದಿಲ್ಲ.

ಅಪ್ಪಯ್ಯನ ರೇಡಿಯೊಕ್ಕೂ ಖರ್ಚಿತ್ತು. ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ದುಡ್ಡು ಕಟ್ಟಬೇಕಿತ್ತು, ಸೆಲ್ಲು ಹಾಕಬೇಕಿತ್ತು, ಮಾಡಿಗೆ ಏರಿಯಲ್ ತಂತಿ ಎಳೆಯಬೇಕಿತ್ತು. ಕವರು ಮಾತ್ರ ಬಿಟ್ಟಿ. ಅಮ್ಮ ರವಕೆ ಹೊಲಿದು ಮಿಕ್ಕ ಬಟ್ಟೆಯಲ್ಲಿ ಅಂಚು ಮಡಚಿ ಹೊಲಿದದ್ದು, ಸ್ವರ ಹೊರಗೆ ಬರಲು ಎದುರಿಗೆ ಕಿಂಡಿ ಬಿಟ್ಟದ್ದು. ಅದೇ ಧೈರ್ಯದಲ್ಲಿ ಅವರು ಮೊಮ್ಮಗನ ಮೊಬೈಲಿಗೂ ಒಂದು ಹೊಲಿದುಕೊಡುತ್ತೇನೆಂದರು. ಅವನು ಕೇಳದವನಂತೆ ಹೊರಗೆ ಹೋದ.

ಮಾರನೆಯ ದಿನ ಮೊಬೈಲಿಗೂ ಆನೆಗುಡ್ಡೆಯಲ್ಲಿ ಪೂಜೆ ಆಯಿತು. ಹಣ್ಣುಕಾಯಿಯ ಚೀಟಿ ಮಾಡಿಸಿದೆವು. ಒಡೆದ ಕಾಯಿ ವಾಪಸು ಬಂತು, ಹೂವು ಬಂತು, ಜೊತೆಗೆ ಪಂಚಕಜ್ಜಾಯವೂ ಬಂತು. ಇಡೀ ವ್ಯವಹಾರದಲ್ಲಿ ಹೇಳಿದ ದರಕ್ಕೇ ಮುಗಿದು, ಮೇಲಿಂದ ತಿನ್ನಲೂ ಕೊಟ್ಟದ್ದು ಅದೊಂದೇ.

ಇಷ್ಟೆಲ್ಲ ರಕ್ಷಣೆಯ ನಡುವೆಯೂ ಮೊಬೈಲು ಒಂದು ಮಳೆಗಾಲದ ಬೆಳಿಗ್ಗೆ ಬಚ್ಚಲ ಹಂಡೆಗೆ ಬಿತ್ತು. ಕವರು, ಗ್ಲಾಸು, ಗಾರ್ಡು ಸಮೇತ ಬಿತ್ತು. ಅಮ್ಮ ಅದನ್ನು ಒರೆಸಿ ಕುಚ್ಚಲಕ್ಕಿ ಡಬ್ಬಿಯೊಳಗೆ ಹೂತರು. ಅಕ್ಕಿಯಲ್ಲಿ ಇಡಬೇಡಿ, ಅದರ ಪುಡಿ ಒಳಗೆ ಸೇರೀತು ಎಂದು 2024ರಲ್ಲಿ ಆಪಲ್ಲಿನವರೇ ಹೇಳಿದ್ದಾರೆ ಎಂದು ಮಗ ಕೂಗಾಡಿದ. “ಅವ್ರಿಗೆ ಬೆಳ್ತಿಗೆ ಗೊತ್ತ್, ಕುಚ್ಚಲಕ್ಕಿ ಗೊತ್ತಿಲ್ಲೆ” ಎಂದರು ಅಮ್ಮ. ಮೊಬೈಲು ಬದುಕಿತು. ಅಕ್ಕಿಯಿಂದಲೋ ತನ್ನ ಆಯುಷ್ಯದಿಂದಲೋ ಹೇಳಲಾರೆ.

ಬದುಕಿದ ಮೊಬೈಲಿಗೆ ಈಗ ನೀರು ಹೊಗದ ಚೀಲ ಬೇಕಾಯಿತು. ಮಗ ಆನ್‌ಲೈನಿನಲ್ಲಿ ಹುಡುಕಿದ. ಚೀಲ ಅಗ್ಗವೇ, ಆದರೆ 499 ರೂಪಾಯಿ ತುಂಬಿದರೆ ಮಾತ್ರ ತಲುಪಿಸುವ ಖರ್ಚು ಬಿಟ್ಟಿಯಂತೆ. ಡೆಲಿವರಿಯ ದುಡ್ಡು ಉಳಿಸುವುದಕ್ಕಾಗಿ ಇನ್ನೇನಾದರೂ ಕೊಳ್ಳಲೇಬೇಕು, ಯಾರಿಗೆ ಏನು ಬೇಕು ಹೇಳಿ ಎಂದು ಮನೆಯೆಲ್ಲ ಕೇಳುತ್ತ ಬಂದ. ಅಮ್ಮ ಅಡುಗೆಮನೆಯಿಂದಲೇ, ಕಾಯಿ ಹೆರೆಯುವ ಮಣೆಯ ಹಲ್ಲು ಸವೆದಿದೆ, ಹೊಸದೊಂದು ಹೆರೆಮಣೆ ತರಿಸು ಎಂದರು. ಮಗ ಹುಡುಕಿ ತಂದು ತೋರಿಸಿದ. ಚೆಂದದ ಮರ, ಮಡಚುವ ಕಾಲು, ಐದರಲ್ಲಿ ನಾಲ್ಕೂವರೆ ನಕ್ಷತ್ರ. ಅಮ್ಮ ಕನ್ನಡಕ ಹಾಕಿಕೊಂಡು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

“ಇದ್ರ ಹಲ್ಲ್ ಎಲ್ಲಿತ್ತ್?”

“ಹಲ್ಲು ಬೇರೆ ತಕಣ್ಕ್ ಅಜ್ಜಿ. ಕೆಳಗೆ ಬರ್ದಿದ್ದ್ರ್ ಕಾಣಿ.”

“ಹಲ್ಲಿಲ್ದ ಮಣೆ ಎಂತಕ್ಕೆ? ಕೂಕಂಬುಕಾ?”