ಕೆಸ್ಟ್ರೆಲ್ ಜೀರ್ಣೋದ್ಧಾರ: ಒಂದು ಶಾಸ್ತ್ರೀಯ ವಿವೇಚನೆ

ಶಾಸ್ತ್ರಗ್ರಂಥವೊಂದು ಆರಂಭವಾಗುವ ಮೊದಲು ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಈ ಪ್ರಬಂಧಕ್ಕೆ ಅಧಿಕಾರಿ, ಕಂಪ್ಯೂಟರ್ ಗೇಮಿನಲ್ಲಿ ಸೋತು ಸುಣ್ಣವಾದವನು. ವಿಷಯ, ಆ ಗೇಮಿನ ಅಂತರಿಕ್ಷ ನೌಕೆ. ಸಂಬಂಧ, ಅಭಿಮಾನಿಗಳು ತಾವೇ ಬರೆದು ಪುಕ್ಕಟೆ ಹಂಚಿದ ಒಂದು ಎಡಿಟರ್. ಪ್ರಯೋಜನದ ವಿಚಾರದಲ್ಲಿ ಪಂಡಿತರಿಗೆ ಇನ್ನೂ ಒಮ್ಮತ ಸಿಕ್ಕಿಲ್ಲ; ಅಧಿಕಾರಿಯ ತಾಯಿಗೆ ಮಾತ್ರ ಅದು ಇಲ್ಲವೆಂಬುದರಲ್ಲಿ ಲವಲೇಶವೂ ಸಂಶಯವಿಲ್ಲ.

ಮೊದಲು ಆಕರದ ಇತಿಹಾಸ. ಶಾಂಘೈಯಲ್ಲಿ 2ಕೆ ಕಂಪನಿಯ ಸ್ಟುಡಿಯೊದಲ್ಲಿದ್ದ ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ನೌಕರಿ ಬಿಟ್ಟು, ಸಬ್‌ಸೆಟ್ ಗೇಮ್ಸ್ ಎಂದು ಹೆಸರಿಟ್ಟುಕೊಂಡು ಕಟ್ಟಿದ ಕೃತಿ ‘ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್’. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜೋಳಿಗೆ ಹಿಡಿದು ಅವರು ಕೇಳಿದ್ದು 10,000 ಡಾಲರ್. ಬಿದ್ದದ್ದು ಎರಡು ಲಕ್ಷ ಡಾಲರಿಗೂ ಮೇಲೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೇಮ್ ಹೊರಬಂತು. ಮರುವರ್ಷ ಐಜಿಎಫ್ ಎಂಬ ಸ್ವತಂತ್ರ ಗೇಮ್‌ಗಳ ಉತ್ಸವದಲ್ಲಿ ವಿನ್ಯಾಸಕ್ಕೆ ಪ್ರಶಸ್ತಿ ಬಂತು. 2014ರ ಏಪ್ರಿಲ್‌ನಲ್ಲಿ ‘ಅಡ್ವಾನ್ಸ್ಡ್ ಎಡಿಷನ್’ ಎಂಬ ದೊಡ್ಡ ಪರಿಷ್ಕರಣೆಯನ್ನು ಹಳೆಯ ಗಿರಾಕಿಗಳಿಗೆ ಚಿಕ್ಕಾಸೂ ಕೇಳದೆ ಕೊಟ್ಟರು. ಎಲ್ಲವನ್ನೂ ಕೊಟ್ಟ ಈ ಇಬ್ಬರು ನೌಕೆ ತಿದ್ದುವ ಅಧಿಕೃತ ಎಡಿಟರ್ ಒಂದನ್ನು ಮಾತ್ರ ಕೊಡಲಿಲ್ಲ. ಭಾಷ್ಯಕಾರರು ಹುಟ್ಟುವುದು ಸೂತ್ರಕಾರರು ಬಿಟ್ಟ ಜಾಗದಲ್ಲೇ ತಾನೇ.

ಕಥಾವಸ್ತು ಸರಳ. ಆಟಗಾರನ ಕೈಯಲ್ಲಿ ಒಂದು ನೌಕೆ, ಬೆನ್ನ ಹಿಂದೆ ಬಂಡುಕೋರರ ದಂಡು, ಎದುರಿಗೆ ಎಂಟು ಸೆಕ್ಟರ್‌ಗಳು, ತುದಿಯಲ್ಲಿ ಮೂರು ಸಲ ಸೋಲಿಸಿದರಷ್ಟೇ ಸಾಯುವ ಒಂದು ದೈತ್ಯ ನೌಕೆ. ಮಾಡು ತೆಗೆದ ಮನೆಯನ್ನು ಮೇಲಿಂದ ಇಣುಕಿದ ಹಾಗೆ ನೌಕೆಯ ಕೋಣೆ, ಬಾಗಿಲು, ಓಡಾಡುವ ಸಿಬ್ಬಂದಿ ಎಲ್ಲವೂ ಕಾಣುತ್ತದೆ. ಸ್ಕ್ರ್ಯಾಪ್ ಎಂಬ ಗುಜರಿಯೇ ಇಲ್ಲಿನ ನಾಣ್ಯ. ಇಂಧನಕ್ಕೂ ಅದೇ, ರಿಪೇರಿಗೂ ಅದೇ, ಹೊಸ ಶಸ್ತ್ರಕ್ಕೂ ಅದೇ, ಯಾವುದಕ್ಕೂ ಸಾಲುವುದಿಲ್ಲ. ಸೋತರೆ ಸೇವ್ ಫೈಲೂ ಅಳಿದುಹೋಗುತ್ತದೆ. ಪುನರ್ಜನ್ಮದ ಸೌಲಭ್ಯವಿಲ್ಲ, ಪುನರಾರಂಭ ಉಂಟು.

ಹೀಗೆ ಏಳನೆಯ ಸೆಕ್ಟರಿನಲ್ಲಿ, ಆಮ್ಲಜನಕವಿಲ್ಲದ ಕೋಣೆಯಲ್ಲಿ, ಬೆಂಕಿ ಬಿದ್ದ ಎಂಜಿನ್ನಿನ ಪಕ್ಕದಲ್ಲಿ ತನ್ನ ಕೊನೆಯ ಸಿಬ್ಬಂದಿ ಸತ್ತದ್ದನ್ನು ಕಂಡ ಅಧಿಕಾರಿಯಲ್ಲಿ ಜಿಜ್ಞಾಸೆ ಹುಟ್ಟುತ್ತದೆ. ತಪ್ಪು ತನ್ನದೋ, ನೌಕೆಯದೋ? ಜಿಜ್ಞಾಸೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಶಾಸ್ತ್ರಗಳು ಹೇಳಿಲ್ಲವಾದರೂ ತೀರ್ಮಾನ ಯಾವಾಗಲೂ ನೌಕೆಯ ವಿರುದ್ಧವೇ.

ಇನ್ನು ಹಸ್ತಪ್ರತಿ ವಿಚಾರ. ಗೇಮಿನ ಚಿತ್ರ, ಅಂಕಿ, ಮಾತು ಎಲ್ಲವನ್ನೂ ಮೊದಲು ಎರಡು ‘ಡ್ಯಾಟ್’ ಫೈಲುಗಳಲ್ಲಿ ಕಟ್ಟಿಟ್ಟಿದ್ದರು. ಮುಂದಿನ ಆವೃತ್ತಿಗಳಲ್ಲಿ ಎರಡೂ ಸೇರಿ ಒಂದಾದವು. ಗಂಟು ಬಿಚ್ಚಿ ನೋಡಿದ ಅಭಿಮಾನಿಗಳಿಗೆ ಸಿಕ್ಕಿದ್ದು ಯಾರು ಬೇಕಾದರೂ ಓದಬಹುದಾದ ಎಕ್ಸ್ಎಂಎಲ್ ಮತ್ತು ಸಾದಾ ಪಠ್ಯ. ಈ ಪಠ್ಯವನ್ನು ಕೈಯಿಂದ ತಿದ್ದುವ ತಪಸ್ಸನ್ನು ತಪ್ಪಿಸಲೆಂದು ಹುಟ್ಟಿದ್ದೇ ‘ಸೂಪರ್‌ಲೂಮಿನಲ್’ ಎಂಬ ಎಡಿಟರ್. ಜಾವಾದಲ್ಲಿ ಬರೆದದ್ದು. ಇಲಿಯಿಂದ ಎಳೆದು ಕೋಣೆ ಕೂಡಿಸಬಹುದು, ಬಾಗಿಲು ಇಡಬಹುದು, ಬಂದೂಕು ಸಿಕ್ಕಿಸಬಹುದು.

ಒಂದು ನೌಕೆಯ ವಿನ್ಯಾಸದ ಫೈಲನ್ನು ತೆರೆದು ನೋಡಿದವರಿಗೆ ಅದರ ವೈರಾಗ್ಯ ಮೆಚ್ಚುಗೆಯಾಗದೆ ಇರದು. ‘ರೂಮ್’ ಎಂದು ಒಂದು ಸಾಲು. ಅದರ ಕೆಳಗೆ ಕೋಣೆಯ ಸಂಖ್ಯೆ, ಅಡ್ಡ ಸ್ಥಾನ, ಉದ್ದ ಸ್ಥಾನ, ಅಗಲ, ಎತ್ತರ. ‘ಡೋರ್’ ಎಂದು ಇನ್ನೊಂದು. ಅದರ ಕೆಳಗೆ ಬಾಗಿಲಿರುವ ಜಾಗ, ಅದು ಯಾವ ಕೋಣೆಯಿಂದ ಯಾವ ಕೋಣೆಗೆ ಎಂಬ ವಿವರ. ಕೋಣೆಗಳ ಎಣಿಕೆ ಸೊನ್ನೆಯಿಂದ ಆರಂಭ. ಹಾಗಾದರೆ ಹೊರಗಿನ ಆಕಾಶಕ್ಕೆ ತೆರೆಯುವ ಬಾಗಿಲಿಗೆ ಯಾವ ಸಂಖ್ಯೆ ಕೊಡುವುದು? ಗ್ರಂಥಕರ್ತರು -1 ಎಂದು ಬರೆದರು. ಶೂನ್ಯ, ಬಯಲು ಎಂದು ನಮ್ಮ ಅನುಭಾವಿಗಳು ಶತಮಾನಗಳ ಕಾಲ ಹಾಡಿದ ತತ್ವ ಇಲ್ಲಿ ಶೂನ್ಯಕ್ಕಿಂತ ಒಂದು ಕಡಿಮೆ! ಸೊನ್ನೆ ನಂಬರಿನಲ್ಲಿ ಆಗಲೇ ಒಬ್ಬರು ವಾಸವಾಗಿದ್ದಾರೆಂಬುದೇ ಇದಕ್ಕೆ ಕಾರಣ.

ಇದು ಬರೀ ವೇದಾಂತವಲ್ಲ. ಆ -1ರ ಬಾಗಿಲು ತೆರೆದರೆ ಕೋಣೆಯ ಗಾಳಿ ಹೊರಗೆ ಹಾರುತ್ತದೆ, ಬೆಂಕಿ ಆರುತ್ತದೆ, ನುಗ್ಗಿ ಬಂದ ಶತ್ರು ಉಸಿರುಗಟ್ಟಿ ಸಾಯುತ್ತಾನೆ. ಎಡಿಟರ್ ಹಿಡಿದ ಹೊಸಬ ಚೆಂದದ ಹೊರಕವಚ ಬರೆದು, ಕೋಣೆಗಳನ್ನು ಸಾಲಾಗಿ ಜೋಡಿಸಿ, ಈ ಬಾಗಿಲನ್ನು ಮರೆತುಬಿಡುತ್ತಾನೆ. ಮೊದಲ ಬೆಂಕಿಯವರೆಗೆ ಅವನಿಗೆ ಅದು ನೆನಪಾಗುವುದೇ ಇಲ್ಲ.

ವಾಸ್ತು ಪಂಡಿತರ ಗಮನಕ್ಕೆ ಒಂದು ಮಾತು: ಪರದೆಯ ಮೇಲೆ ಆಟಗಾರನ ನೌಕೆ ಸದಾ ಬಲಕ್ಕೆ ಮುಖ ಮಾಡಿರುತ್ತದೆ, ಶತ್ರುವಿನದು ಮೇಲಕ್ಕೆ. ಭೂಪಟದ ಲೆಕ್ಕದಲ್ಲಿ ನಮ್ಮವರು ಪೂರ್ವಾಭಿಮುಖ, ವೈರಿಗಳು ಉತ್ತರಾಭಿಮುಖ. ಎರಡೂ ಶುಭ ದಿಕ್ಕುಗಳೇ ಆಗಿರುವಾಗ ದಿನವೂ ಇಷ್ಟೊಂದು ನೌಕೆಗಳು ಸಿಡಿಯುವುದೇಕೆಂಬುದನ್ನು ಆ ಶಾಸ್ತ್ರದವರೇ ವಿವರಿಸಬೇಕು.

ಪಾಠಾಂತರಗಳೂ ಇವೆ. ಎಲ್ಲ ಹೊಸಬರ ಕೈಗೂ ಮೊದಲು ಸಿಗುವ ಸಾಧುನೌಕೆ ಕೆಸ್ಟ್ರೆಲ್. 30 ಅಂಕದ ಕವಚ, 8 ಘಟಕದ ರಿಯಾಕ್ಟರ್, ಮೂವರು ಮನುಷ್ಯರು, ಒಂದು ಮಿಸೈಲ್ ಉಡಾವಕ, ಮೂರು ಗುಂಡಿನ ಒಂದು ಲೇಸರ್. ಇದನ್ನು ಫೈಲಿನಲ್ಲಿ ಹುಡುಕ ಹೊರಟವನಿಗೆ ಆ ಹೆಸರು ಬ್ಲೂಪ್ರಿಂಟಿನ ಗುರುತಾಗಿ ಸಿಗುವುದಿಲ್ಲ. ಅಲ್ಲಿ ಅದು ‘ಪ್ಲೇಯರ್ ಶಿಪ್ ಹಾರ್ಡ್’. ಎಂಜಿ ಜನಾಂಗದ ನೌಕೆ ‘ಸರ್ಕಲ್’. ಸ್ಲಗ್‌ಗಳ ನೌಕೆ ‘ಜೆಲ್ಲಿ’. ಕಟ್ಟುವಾಗ ಇಟ್ಟ ಕರಡು ಹೆಸರುಗಳು ಹಾಗೇ ಉಳಿದವೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಸಾಮಾನ್ಯ ಬುದ್ಧಿಗೆ ಪಿಎಚ್‌ಡಿ ಕೊಡುವ ಪದ್ಧತಿ ಇಲ್ಲದ್ದರಿಂದ ಈ ಪ್ರಶ್ನೆಯನ್ನು ಮುಕ್ತವಾಗಿಡಲಾಗಿದೆ.

ಈಗ ಪೂರ್ವಪಕ್ಷ: ‘ಗೇಮನ್ನು ತಿದ್ದಿ ಗೆಲ್ಲುವುದು ಮೋಸವಲ್ಲವೇ?’ ಉತ್ತರಪಕ್ಷ: ಮೋಸಕ್ಕೆ ಮೋಸಹೋಗುವವನೊಬ್ಬ ಬೇಕು. ಇದು ಒಬ್ಬನೇ ಕೂತು ಆಡುವ ಆಟ; ಎದುರಾಳಿ ಯಂತ್ರ, ಅದಕ್ಕೆ ಮಾನಭಂಗವಿಲ್ಲ. ಪೂರ್ವಪಕ್ಷಿ ಬಿಡುವುದಿಲ್ಲ: ‘ಹಾಗಾದರೆ ಗೆದ್ದೆನೆಂದು ಗೆಳೆಯರ ಮುಂದೆ ಹೇಳುವುದು?’ ಇಲ್ಲಿಗೆ ಉತ್ತರಪಕ್ಷದ ಪುಟಗಳನ್ನು ಗೆದ್ದಲು ತಿಂದಿದೆ.

ನೌಕೆ ತಿದ್ದುವವರಲ್ಲಿ ಮೊದಲನೆಯ ಪಂಗಡ ಲೋಭಿಗಳದು. ಲೋಭಿ ತನ್ನ ಕೆಸ್ಟ್ರೆಲ್‌ಗೆ ನಾಲ್ಕು ಗ್ಲೇವ್ ಬೀಮ್ ಸಿಕ್ಕಿಸುತ್ತಾನೆ. ಗೇಮಿನ ಅತಿ ಭಯಂಕರ ಕಿರಣ ಅದು. ಹಾದುಹೋದ ಒಂದೊಂದು ಕೋಣೆಗೂ ಮೂರು ಪೆಟ್ಟು. ಆದರೆ ಒಂದೊಂದಕ್ಕೆ 4 ಘಟಕ ವಿದ್ಯುತ್ ಬೇಕು, ಶಸ್ತ್ರಾಗಾರದ ಗರಿಷ್ಠ ಮಟ್ಟ 8. ನಾಲ್ಕರಲ್ಲಿ ಎರಡು ಬರೀ ಅಲಂಕಾರವಾಗಿ ನಿಲ್ಲುತ್ತವೆ. ಉಳಿದೆರಡು ಸಜ್ಜಾಗಲು 25 ಸೆಕೆಂಡು. ಅಷ್ಟರೊಳಗೆ ಶತ್ರು ಎರಡು ಸುತ್ತು ಹೊಡೆದಿರುತ್ತಾನೆ. ಸಜ್ಜಾದ ಮೇಲೂ ಗ್ರಹಚಾರ ಬಿಡುವುದಿಲ್ಲ. ಶತ್ರುವಿನ ಶೀಲ್ಡಿನ ಒಂದೊಂದು ಪದರವೂ ಕಿರಣದ ಒಂದೊಂದು ಪೆಟ್ಟನ್ನು ನುಂಗುತ್ತದೆ. ಮೂರು ಪದರವಿದ್ದರೆ ಲೆಕ್ಕ ಸೊನ್ನೆ. ಶೀಲ್ಡನ್ನು ಕೆಡವಲು ಬೇಕಿದ್ದ ಲೇಸರನ್ನು ಲೋಭಿ ಎಡಿಟರಿನಲ್ಲಿ ಮೊದಲೇ ಕಿತ್ತೆಸೆದಿದ್ದಾನೆ, ಅದು ತೀರಾ ಸಾಮಾನ್ಯವೆಂದು. ಅವನು ಮತ್ತೆ ಫೈಲು ತೆರೆದು ಕಿರಣದ ವಿದ್ಯುತ್ತನ್ನು 1ಕ್ಕೆ ಇಳಿಸುತ್ತಾನೆ, ಕಾಲವನ್ನು ಒಂದು ಸೆಕೆಂಡು ಮಾಡುತ್ತಾನೆ, ಅಲಂಕಾರಕ್ಕಿದ್ದ ಎರಡರ ಜಾಗಕ್ಕೆ ಮಿಸೈಲನ್ನೂ ಲೇಸರನ್ನೂ ತರುತ್ತಾನೆ. ಆಮೇಲೆ ದೈತ್ಯ ನೌಕೆಯನ್ನು ಸಲೀಸಾಗಿ ಕೆಡವುತ್ತಾನೆ. ಮರುದಿನ ಬೇರೆ ಗೇಮ್ ಹುಡುಕುತ್ತಾನೆ. ಲೋಭಿಯ ಚರಿತ್ರೆ ಇಷ್ಟೇ.

ಎರಡನೆಯವರು ಭಕ್ತರು. ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್‌ನಂಥ ಇಷ್ಟದೈವವನ್ನು ಎಫ್‌ಟಿಎಲ್‌ನೊಳಗೆ ಆವಾಹಿಸುವುದು ಇವರ ವ್ರತ. ಗೆಲುವು ಇವರಿಗೆ ಮುಖ್ಯವಲ್ಲ, ಶೀಲ್ಡಿನ ಅಂಡಾಕಾರ ಕವಚಕ್ಕೆ ಸರಿಯಾಗಿ ಕೂತರೆ ಸಾಕು.

ಮೂರನೆಯ ಪಂಗಡ ವಿರಕ್ತರದು, ಪ್ರಬಂಧದ ನಿಜವಾದ ಸ್ವಾರಸ್ಯ ಇವರಲ್ಲಿದೆ. ಎಡಿಟರಿನಲ್ಲಿ ಎಲ್ಲವನ್ನೂ ಕೊಟ್ಟುಕೊಳ್ಳಬಹುದಾದ ಇವರು ಒಂದೊಂದನ್ನಾಗಿ ಕಿತ್ತು ಹಾಕುತ್ತಾರೆ. ಆಮ್ಲಜನಕದ ಯಂತ್ರ ಬೇಡ. ಶೀಲ್ಡ್ ಬೇಡ. ಒಬ್ಬನೇ ಸಿಬ್ಬಂದಿ ಸಾಕು. ನೋಡುವವರಿಗೆ ಇದು ಹುಚ್ಚು. ಆದರೆ ಮೂಲಕರ್ತರೇ ಈ ಸಂಪ್ರದಾಯದ ಆದ್ಯರು ಎಂಬುದಕ್ಕೆ ಆಕರದಲ್ಲೇ ಪುರಾವೆಗಳಿವೆ. ನೆಸಾಸಿಯೊ ಎಂಬ ಗುಪ್ತಚರ ನೌಕೆ ಶೀಲ್ಡೇ ಇಲ್ಲದೆ ಹೊರಡುತ್ತದೆ, ಬದಲಿಗೆ ಕಣ್ಮರೆಯಾಗುವ ವಿದ್ಯೆ ಕೊಟ್ಟಿದ್ದಾರೆ. ವೋರ್ಟೆಕ್ಸ್ ಎಂಬ ನೌಕೆಯಲ್ಲಿ ಇರುವುದು ಒಬ್ಬನೇ ಎಂಜಿ. ಅವನು ಚುಕ್ಕಾಣಿ ಹಿಡಿದರೆ ರಿಪೇರಿಗೆ ಆಳಿಲ್ಲ. ಶಿವನ್ ಎಂಬ ನೌಕೆಗಂತೂ ಹೊರಬಾಗಿಲೇ ಇಲ್ಲ, -1 ಎಂಬ ಅಂಕಿಯೇ ಅದರ ವಿನ್ಯಾಸದಲ್ಲಿ ಕಾಣದು. ಅದರೊಳಗಿರುವವರು ಬೆಂಕಿ ತಗುಲದ ಬಂಡೆಯ ಜನ, ಕೈಯಲ್ಲಿರುವುದು ಫೈರ್ ಬಾಂಬ್. ಉರಿಯ ನಡುವೆಯೇ ಸುಖವಾಗಿರುವ ಈ ಶಿವನಿಗೂ ನಮ್ಮ ಮುಕ್ಕಣ್ಣನಿಗೂ ಸಂಬಂಧವಿದೆ ಎನ್ನಲು ಯಾವ ಆಧಾರವೂ ಇಲ್ಲ. ಅಷ್ಟರಿಂದ ಯಾವ ಸಂಶೋಧಕನೂ ಹಿಂದೆ ಸರಿದದ್ದು ಕೇಳಿಲ್ಲ.

ಇಲ್ಲಿ ಅಣಕನ್ನು ಒಂದು ಗಳಿಗೆ ಬದಿಗಿಟ್ಟು ಹೇಳಬೇಕಾದದ್ದುಂಟು. ಗೇಮಿನ 28 ನೌಕಾವಿನ್ಯಾಸಗಳನ್ನು ಎಡಿಟರಿನಲ್ಲಿ ಒಂದೊಂದಾಗಿ ತೆರೆದು ನೋಡಿದರೆ, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಯಾವುದನ್ನು ಕೊಟ್ಟಿಲ್ಲ ಎಂಬುದರಲ್ಲಿದೆ. ಆಡುವಾಗ ಅನ್ಯಾಯವೆಂದು ಕಂಡದ್ದು ಅಂಕಿಗಳಲ್ಲಿ ನೋಡಿದಾಗ ಅಳೆದು ಇಟ್ಟ ಕೊರತೆಯೆಂದು ತಿಳಿಯುತ್ತದೆ. ಗೆಲ್ಲಲೆಂದು ಎಡಿಟರ್ ತೆರೆದವನು ಮೂಲಕರ್ತರ ಕೈಚಳಕಕ್ಕೆ ತಲೆದೂಗಿ ಮುಚ್ಚುವುದೂ ಉಂಟು.

ಅಂತ್ಯೇಷ್ಟಿ ಪ್ರಕರಣವನ್ನು ಹೇಳದೆ ಗ್ರಂಥ ಪೂರ್ತಿಯಾಗದು. ನೌಕೆ ಸಿಡಿದಾಗ ಚೂರುಗಳು ಹಾರುವುದು ಪೂರ್ತಿ ಯಾದೃಚ್ಛಿಕವಲ್ಲ. ‘ಗಿಬ್’ ಎಂಬ ಆ ತುಂಡುಗಳ ಚಿತ್ರವನ್ನು ಒಂದೊಂದಾಗಿ ಬರೆದಿರಬೇಕು. ಯಾವುದು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ತಿರುಗುತ್ತ ಹೋಗಬೇಕೆಂದು ಅಂಕಿ ಕೊಟ್ಟಿರಬೇಕು. ಯಾವ ಬಂದೂಕು ಯಾವ ತುಂಡಿಗೆ ಅಂಟಿಕೊಂಡು ಹೋಗಬೇಕೆಂಬುದೂ ಫೈಲಿನಲ್ಲಿ ನಮೂದಾಗುತ್ತದೆ. ಅಜೇಯವೆಂದು ನಂಬಿ ಕಟ್ಟಿದ ನೌಕೆಯ ಮರಣವನ್ನು ಕಟ್ಟಿದವನೇ ಮುಂಚಿತವಾಗಿ, ಸಾವಧಾನವಾಗಿ, ಬಣ್ಣ ಹಚ್ಚಿ ಸಿದ್ಧಪಡಿಸುತ್ತಾನೆ. ಲೋಭಿಗಳು ಈ ಪ್ರಕರಣವನ್ನು ಓದುವುದಿಲ್ಲ. ಭಕ್ತರು ಇದರಲ್ಲೇ ವಾರಗಟ್ಟಲೆ ಮುಳುಗುತ್ತಾರೆ.

ಕಟ್ಟಿದ ನೌಕೆಗೆ ಗೇಮಿನಲ್ಲಿ ಹೊಸ ಜಾಗವಿಲ್ಲ. ಇರುವ 28ರಲ್ಲಿ ಒಂದನ್ನು ಎಬ್ಬಿಸಿ ಅದರ ಪೀಠದ ಮೇಲೆ ಕೂರಿಸಬೇಕು. ಪರಿಷ್ಕರಣೆ ‘ಎಫ್‌ಟಿಎಲ್’ ಬಾಲದ ಫೈಲಾಗಿ ಹೊರಬರುತ್ತದೆ, ಅದು ವೇಷ ಮರೆಸಿಕೊಂಡ ಜಿಪ್ ಫೈಲಲ್ಲದೆ ಬೇರೇನಲ್ಲ. ಅದನ್ನು ಗೇಮಿಗೆ ಸೇರಿಸುವ ಪೌರೋಹಿತ್ಯ ಸ್ಲಿಪ್‌ಸ್ಟ್ರೀಮ್ ಎಂಬ ಇನ್ನೊಂದು ಅಭಿಮಾನಿ ತಂತ್ರಾಂಶದ್ದು. ಮುಂದೆ ಹೈಪರ್‌ಸ್ಪೇಸ್ ಎಂಬ ತಿದ್ದುಪಡಿ ಗೇಮಿನ ಕೋಡಿಗೇ ಕೈಹಾಕಿತು. ಅದರ ಮೇಲೆ ನಿಂತ ‘ಮಲ್ಟಿವರ್ಸ್’ನಲ್ಲಿ ಅಭಿಮಾನಿಗಳು ಕಟ್ಟಿದ ನೌಕೆಗಳು ನೂರಾರು. ಮೂಲಕ್ಕಿಂತ ಟೀಕೆಯೇ ದಪ್ಪವಾದ ಗ್ರಂಥಗಳ ಸಾಲಿಗೆ ಎಫ್‌ಟಿಎಲ್ ಹೀಗೆ ಸೇರಿತು.

ಈ ಶಾಸ್ತ್ರವನ್ನು ಅಭ್ಯಾಸ ಮಾಡಬೇಕೆನ್ನುವವರು ಮೂರು ಕೆಲಸ ಮಾಡಿಕೊಂಡಿರಿ. ಯಂತ್ರದಲ್ಲಿ ಜಾವಾ ಇದೆಯೇ ನೋಡಿ. ಅರ್ಧಕ್ಕೆ ನಿಲ್ಲಿಸಿದ ಆಟವಿದ್ದರೆ ಅದನ್ನು ಮುಗಿಸಿ. ಸ್ಲಿಪ್‌ಸ್ಟ್ರೀಮ್ ತಾನಾಗಿ ಮೂಲ ಫೈಲಿನ ಬ್ಯಾಕಪ್ ಇಡುತ್ತದೆ, ಆದರೂ ನಿಮ್ಮದೊಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ತೆಗೆದಿಡಿ.